ಎಡಗಾಲಿನ ನಲವತ್ತೊಂಬತ್ತು ಚಪ್ಪಲಿ

ಹಾವೇರಿ,
೩೦ ಫೆಬ್ರವರಿ ೨೨೧೯

ಹೆದ್ದಾರಿಯಲ್ಲಿ ಎಣ್ಣೆ ಲಾರಿ ಮಗುಚಿದೆಯೆಂದು ಕೇಳಿ, ಕೊಡ ಹಿಡಿದು ಓಡುತ್ತಿರುವ ನನ್ನ ಪೂಜ್ಯ ಹಿರಿಯರಿಗೆ,

ಫೆಬ್ರವರಿಗೆ ಮೂವತ್ತು ದಿನ ಎಲ್ಲಿಂದ ಬಂತೆಂದು ಕೇಳಬೇಡಿ. ಒಂದಿಷ್ಟು ಮಂದಿ ಗುಂಪಾಗಿ ಹೋಗಿ ಮಾರ್ಚಿನಿಂದ ಎರಡು ದಿನ ಎತ್ತಿಕೊಂಡು ಬಂದರು. ಗುಂಪಾಗಿ ಹೋದದ್ದರಿಂದ ಯಾರೂ ಏನೂ ಅನ್ನಲಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಬೈಗುಳದಂತೆ ಕೇಳಿಸಿದರೆ ಕ್ಷಮಿಸುವ ಅಗತ್ಯವಿಲ್ಲ, ತಿಳಿದೇ ಬರೆದಿದ್ದೇನೆ.

ನಮ್ಮ ಕಾನೂನು ಬಹಳ ಸರಳ. ಅಂಗಡಿಯಿಂದ ಒಬ್ಬ ಎತ್ತಿಕೊಂಡು ಹೋದರೆ ಕಳ್ಳತನ. ಐದು ಮಂದಿ ಸೇರಿದರೆ ದರೋಡೆ. ಐವತ್ತು ಮಂದಿ ನುಗ್ಗಿದರೆ ಅದಕ್ಕೆ ‘ಜನನೆರೆ’ ಎಂದು ಹೆಸರು. ಹೊಳೆ ಬಂತು, ಹೋಯಿತು. ಹೊಳೆಯ ಮೇಲೆ ಯಾರಾದರೂ ಕೇಸು ಹಾಕುತ್ತಾರೆಯೇ? ಎಣಿಕೆ ತಪ್ಪಬಾರದೆಂದು ಪ್ರತಿ ಅಂಗಡಿಯ ಹೊಸ್ತಿಲಲ್ಲೂ ‘ತಲೆಯೆಣಿಕ’ ಎಂಬ ಯಂತ್ರವನ್ನು ಹೂತಿದ್ದಾರೆ. ಅದಕ್ಕೆ ಮುಖದ ಗುರುತಿಲ್ಲ, ತಲೆ ಮಾತ್ರ ಗೊತ್ತು. ಹೀಗಾಗಿ ನಮ್ಮ ಕಳ್ಳರು ಶಿಸ್ತಿನ ಸಿಪಾಯಿಗಳು. ಚಹಾದಂಗಡಿ ಮುಂದೆ ನಿಂತು, “ನಲವತ್ತಾರು ಆಗೇವಿ, ಇನ್ನ ನಾಕು ಮಂದಿ ಬರ್ರೀ!” ಎಂದು ಟೆಂಪೋ ತುಂಬಿಸುವವರಂತೆ ಕೂಗುತ್ತಾರೆ.

ನನ್ನ ಅಕ್ಕ ನೀಲಗಂಗವ್ವನಿಗೆ ಇಲ್ಲಿ ಚಪ್ಪಲಿ ಅಂಗಡಿಯಿದೆ. ನಿಮ್ಮ ಕಾಲದಂತೆಯೇ ಎಡಗಾಲಿನದನ್ನು ಮಾತ್ರ ಕೆಳಗೆ ಜೋಡಿಸಿ, ಬಲಗಾಲಿನದನ್ನು ಅಟ್ಟದ ಮೇಲೆ ಇಡುವ ಪದ್ಧತಿ. ಕಳೆದ ಶನಿವಾರ ಮಧ್ಯಾಹ್ನ ಅವಳು ಎದುರು ಮನೆಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದಾಗ ಗುಂಪು ನುಗ್ಗಿತು. ಅವಸರದಲ್ಲಿ ಅವರು ಲೆಕ್ಕ ತಪ್ಪಿದ್ದರು. ಯಂತ್ರ ತೋರಿಸಿದ್ದು ನಲವತ್ತೊಂಬತ್ತು. ಅಕ್ಕ ಕೂತಲ್ಲೇ ಕೂತಿದ್ದರೆ ಅಷ್ಟೂ ಮಂದಿ ದರೋಡೆಕೋರರಾಗಿ ಜೈಲು ಸೇರುತ್ತಿದ್ದರು. ಆದರೆ ಸ್ವಂತ ಅಂಗಡಿ ನೋಡಿ, ಕೂರಲು ಜೀವ ಕೇಳಲಿಲ್ಲ. “ಬಿಡ್ರೋ ಭಾಡ್ಯಾಗೋಳಾ!” ಎಂದು ಕಸಬರಿಗೆ ಎತ್ತಿಕೊಂಡು ಒಳಗೆ ನುಗ್ಗಿದಳು.

ಹೊಸ್ತಿಲು ಟಿಣ್ ಎಂದಿತು. ಐವತ್ತು.

“ಒಂದ್ ತಲಿ ಕಡಿಮಿ ಇದ್ದಿದ್ರ ಎಲ್ಲಾರ್ನೂ ಒದ್ದು ಒಳಗ ಹಾಕ್ತಿದ್ದೆ ಅಕ್ಕಾರ, ನೀವ ಹೊಳಿ ತುಂಬಿಸಿಬಿಟ್ರಿ,” ಎಂದ ಹವಾಲ್ದಾರ ಚನ್ನವೀರಪ್ಪ. ನೆರೆ ಸಂತ್ರಸ್ತೆಗೆಂದು ಒಂದು ಚಾದರ ಕೊಟ್ಟ, ಅದರ ಜೊತೆ ಫೋಟೋ ತೆಗೆಸಿಕೊಂಡ.

ಮರುದಿನ ಅದೇ ಮಂದಿ ಅಂಗಡಿಯ ಮುಂದೆ ಸಾಲುಗಟ್ಟಿದರು. “ಅಕ್ಕಾರ, ಬಲಗಾಲಿಂದು ಕೊಡ್ರಿ. ಕುಂಟಾಕತ್ತೇವಿ.”

“ಕುಂಟ್ರಿ,” ಎಂದು ಅಕ್ಕ ಅಟ್ಟ ಹತ್ತಿ ಏಣಿಯನ್ನು ಮೇಲಕ್ಕೆ ಎಳೆದುಕೊಂಡಳು.

ಅವರು ದೂರು ಕೊಟ್ಟರು! ನೆರೆಯಲ್ಲಿ ತೇಲಿಹೋದದ್ದು ಸಿಕ್ಕವರ ಪಾಲು, ಅದರ ಜೋಡಿಯೂ ಅವರದೇ ಅನ್ನುತ್ತದೆ ಕಾನೂನು. ತಡೆದಿಟ್ಟವಳು ಅಕ್ಕ, ಅದೂ ಒಬ್ಬಳೇ. ಒಬ್ಬರು ಮಾಡಿದರೆ ಅದು ಕಳ್ಳತನ ತಾನೆ? ಸೋಮವಾರ ವಿಚಾರಣೆ. ಅಲ್ಲಿ ಸೋತರೆ ಅಂಗಡಿಗೆ ಬೀಗ, ಅಕ್ಕನಿಗೆ ಜೈಲು.

ಆ ನಲವತ್ತೊಂಬತ್ತು ಮಂದಿ ಕುಂಟುವುದನ್ನು ಕಂಡು ನನಗೆ ತುಸು ಸಮಾಧಾನವಿದೆ. ನೀವು ಮಾತ್ರ ಎರಡೂ ಕಾಲಲ್ಲಿ ಓಡುತ್ತಿದ್ದೀರಲ್ಲ, ಹೊಟ್ಟೆ ಉರಿಯುವುದು ಅದಕ್ಕೆ. ಈ ಕಾನೂನು ಹುಟ್ಟಿದ್ದೇ ನಿಮ್ಮ ಆ ಎಣ್ಣೆ ಲಾರಿಯಿಂದ. ಕೊಡ ತುಂಬಿಸಿದ ಐವತ್ತೂ ಮಂದಿ ಕೋರ್ಟಿನಲ್ಲಿ, “ಎಲ್ಲಾರೂ ತಗೊಂಡ್ರು, ನಾನೂ ತಗೊಂಡೆ” ಎಂದು ಒಂದೇ ಪಾಠ ಒಪ್ಪಿಸಿದಿರಿ. ಬೇಸತ್ತ ನ್ಯಾಯಾಧೀಶರು ಇಷ್ಟು ಮಂದಿಯನ್ನು ಶಿಕ್ಷಿಸುವುದು ಹೇಗೆಂದು ಕೈಚೆಲ್ಲಿದರು. ಅಂದಿನಿಂದ ಐವತ್ತು ಎಂಬ ಸಂಖ್ಯೆ ನಮ್ಮ ಕುತ್ತಿಗೆಗೆ ಬಿದ್ದಿದೆ. ನೀವು ಕೊಡ ತುಂಬಿಸುವಷ್ಟು ಹೊತ್ತೂ ಚಾಲಕ ಲಾರಿಯೊಳಗೆ ಸಿಕ್ಕಿಕೊಂಡು, “ಯಾರರ ಬಾಗಲಾ ತಗೀರಪ್ಪೋ” ಎಂದು ಕೂಗುತ್ತಿದ್ದನಂತೆ. ಅದೂ ದಾಖಲೆಯಲ್ಲಿದೆ.

ಎಲ್ಲರೂ ಒಳ್ಳೆಯವರಾಗಿ ಎಂದು ನಾನು ಕೇಳುವುದಿಲ್ಲ, ನಿಮ್ಮನ್ನು ಬಲ್ಲೆ. ನಿಮ್ಮಲ್ಲಿ ಒಬ್ಬರು ಸಾಕು. ಕೊಡ ಕೆಳಗಿಟ್ಟು ಹೋಗಿ ಆ ಬಾಗಿಲು ತೆಗೆಯಿರಿ.

ಅಕ್ಕನ ತಮ್ಮ,
ಈರಬಸಪ್ಪ