ಪೂರಿಗಾಲಿಗೆ ಏಳು ನಿಲ್ದಾಣ

ಪೂರಿಗಾಲಿಯ ದೇವಿರಮ್ಮನವರಿಗೆ,

ಗೌತಮಿಯ ನಮಸ್ಕಾರ. ರೈಲಿನ ಅಳತೆಗೆಂದು ಬಂದು, ನಿಮ್ಮ ಜಗಲಿಯಲ್ಲಿ ಕೂತು ಉಂಡು ಹೋದವಳು ನಾನು. ಮುದ್ದೆಯನ್ನು ನುಂಗದೆ ಅಗಿದು ತಿಂದವಳು ಅಂದರೆ ಖಂಡಿತ ನೆನಪಾಗುತ್ತದೆ.

ಅವತ್ತು ನೀವು ಬಸ್ಸಿನ ಕಥೆ ಹೇಳಿದಿರಿ. ಬಸ್ಸು ಹತ್ತಿದರೆ ಮಳವಳ್ಳಿ ತಲುಪುವುದರೊಳಗೆ ಹೊಟ್ಟೆ ತೊಳಸಿ ವಾಂತಿ. ಹಾಗಾಗಿ ಹನಕೆರೆಗೆ ಕೊಟ್ಟ ಮಗಳು ಕುಸುಮಳ ಮನೆಯ ಹೊಸ್ತಿಲನ್ನು ನೀವಿನ್ನೂ ತುಳಿದೇ ಇಲ್ಲ. "ರೈಲಾದ್ರೆ ಓಯ್ತೀನಿ ಕಣವ್ವ, ಅದು ಕುಲುಕಾಕಿಲ್ವಂತೆ" ಅಂದಿರಿ. ನಮ್ಮದು ಬಡವರ ರೈಲು. ಮದ್ದೂರಿನಿಂದ ಮಳವಳ್ಳಿ ಹಾದು ನಿಮ್ಮೂರಿನವರೆಗೆ ರಸ್ತೆ ಬದಿಯಲ್ಲೇ ಸಣ್ಣ ಹಳಿ, ಕಟ್ಟಡವಿಲ್ಲದ ನಿಲ್ದಾಣ, ಗಾಡಿಯೊಳಗೇ ಟಿಕೆಟ್. ಖರ್ಚು ಕಮ್ಮಿಯಾದರಷ್ಟೇ ಒಪ್ಪಿಗೆ. ಅಷ್ಟು ಸಣ್ಣ ರೈಲು ಬಸ್ಸಿಗಿಂತ ಹೆಚ್ಚೇ ಕುಲುಕಬಹುದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮಳವಳ್ಳಿಯಿಂದಾಚೆ ಎಷ್ಟು ಕಡೆ ನಿಲ್ಲಿಸಬೇಕು ಎಂದು ಕೇಳಿದೆ. "ಏಳವ್ವ" ಅಂದಿರಿ. ಏಳು ಎಂದು ಬರೆದುಕೊಂಡೆ. ಊರಿನವರೇ ಕೊಟ್ಟ ಲೆಕ್ಕ ಎಂಬ ಹೆಮ್ಮೆ ಬೇರೆ. ಏಳಕ್ಕೆ ಊರುಗಳು ಸಾಲದೆ ಒಂದು ನಿಲ್ದಾಣವನ್ನು ಕಬ್ಬಿನ ಗದ್ದೆಯ ನಡುವೆ ಕೂರಿಸಿದೆ. ಸಭೆಯಲ್ಲಿ ಸಾಹೇಬರು ನೋಡಿ, ಖರ್ಚು ಹೆಚ್ಚಾಯಿತೆಂದು ನಿಮ್ಮೂರನ್ನು ಕೈಬಿಟ್ಟು ದಾರಿಯನ್ನು ಮಳವಳ್ಳಿಗೇ ಮುಗಿಸಿಬಿಟ್ಟರು. ಹೊರಗೆ ಬಂದ ಮೇಲೆ ನಮ್ಮ ಆಫೀಸಿನ ಸುಹೇಲ್, ಮದ್ದೂರಿನವನು, ಹೊಟ್ಟೆ ಹಿಡಿದುಕೊಂಡು ನಕ್ಕ. "ಮೇಡಂ, ಅವ್ರು ಲೆಕ್ಕ ಏಳಿಲ್ಲ. ನೀನೇ ಹೇಳವ್ವ ಅಂದವ್ರೆ." ಮೈಸೂರು ಪೇಟೆಯಲ್ಲಿ ಬೆಳೆದ ನನ್ನ ಕಿವಿಗೆ ಬೆಂಕಿ ಬೀಳಲಿ.

ಎರಡೇ ನಿಲ್ದಾಣ ಹಾಕಿ ಮತ್ತೆ ಕಳಿಸಿದ್ದೇನೆ. ಉತ್ತರ ಬರಲು ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ನಿಮ್ಮನ್ನು ಜಗಲಿಯಲ್ಲೇ ಕಾಯಿಸಲಾರೆ. ಅದಕ್ಕೇ ಈ ಭಾನುವಾರ ಸ್ಕೂಟರ್ ತರುತ್ತೇನೆ, ಮದ್ದೂರಿನವರೆಗೆ ಅದರಲ್ಲೇ ಹೋಗೋಣ. ಹಿಂದೆ ಕೂತು ನನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಖಕ್ಕೆ ಗಾಳಿ ಬೀಸುತ್ತಿದ್ದರೆ ಸಂಕಟವಾಗುವುದಿಲ್ಲ, ಒಂದು ವೇಳೆ ಆದರೂ ಪರವಾಗಿಲ್ಲ, ನಿಲ್ಲಿಸುತ್ತೇನೆ. ಮದ್ದೂರಿನಲ್ಲಿ ದೊಡ್ಡ ರೈಲು ಹತ್ತಿದರೆ ಹನಕೆರೆ ದೂರವೇನಿಲ್ಲ.

ಕುಸುಮಳಿಗೆ ಫೋನ್ ಮಾಡಿ ಹೇಳಿದೆ. "ನಮ್ಮವ್ವ ದಿಟವಾಗ್ಲೂ ಬತ್ತಾಳಾ?" ಎಂದು ಕೇಳಿದಳು. ಬರುತ್ತಾರೆ ಎಂದುಬಿಟ್ಟಿದ್ದೇನೆ. ನಿಮ್ಮನ್ನು ಒಂದು ಮಾತೂ ಕೇಳದೆ ಕೊಟ್ಟ ಭಾಷೆ ಅದು, ಉಳಿಸಿಕೊಡಿ.

ನಿಮ್ಮ ಹೊಟ್ಟೆ ಯಾವತ್ತೂ ತಣ್ಣಗಿರಲಿ, ಭಾನುವಾರವಂತೂ ತಪ್ಪದೆ.

ನಿಮ್ಮ ಮನೆಯವಳೇ ಆದ
ಗೌತಮಿ
ಮಂಡ್ಯ