ಕಡಲು ಖಲಾಸ್

ಅಲ್ ಬರ್ಷಾ, ದುಬೈ
9 ಆಗಸ್ಟ್ 2024

ಪ್ರೀತಿಯ ತಮ್ಮ ಅದ್ದುವಿಗೆ ಹಫ್ಸಕ್ಕನ ಸಲಾಂ.

ಇಲ್ಲಿ ನಾವೆಲ್ಲ ಅಲ್ಲಾಹನ ದಯದಿಂದ ಕ್ಷೇಮ. ನಾಫಿಯಾ, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ರಂಝಾನ್ ಕಳೆದ ಮೇಲೆ ಬರೆಯುತ್ತೇನೆ ಅಂದವಳು ಬಕ್ರೀದೂ ಕಳೆದ ಮೇಲೆ ಬರೆಯುತ್ತಿದ್ದೇನೆ, ಬೇಸರ ಮಾಡಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ವಾಯ್ಸ್ ಕಳಿಸಿದರೆ ನೀನು ಅರ್ಧ ಕೇಳಿ ಹೆಬ್ಬೆರಳಿನ ಚಿತ್ರ ಹಾಕುತ್ತೀ. ಕಾಗದವಾದರೆ ನಿನ್ನ ಹೆಂಡತಿಯಾದರೂ ಕೂರಿಸಿ ಓದಿಸುತ್ತಾಳೆ. ರಜೆಗೆ ಊರಿಗೆ ಬರುವ ನನ್ನ ಮೈದುನ ಶಾನವಾಝ್ ಕೈಯಲ್ಲಿ ಕೊಡುತ್ತಿದ್ದೇನೆ.

ನಮ್ಮ ಬಟ್ಟೆ ಆಲ್ಟರೇಶನ್ ಅಂಗಡಿಗೆ ಹೊಸಬಳು ಸೇರಿದ್ದಾಳೆ ಎಂದಿದ್ದೆನಲ್ಲ, ಐಸುಲು. ಉಜ್ಬೆಕಿಸ್ತಾನದ ಮೊಯ್ನಾಕ್ ಎಂಬ ಊರಿನವಳು, ನನಗಿಂತ ದೊಡ್ಡವಳು. ಅವಳ ಹತ್ತಿರ ಇರುವುದು ನಾಲ್ಕು ಮಾತು ಇಂಗ್ಲಿಷು, ಎರಡು ಮಾತು ಹಿಂದಿ, ಮತ್ತೊಂದು ಖಲಾಸ್. ಮೊದಲ ದಿನ ಊರಿನ ವಿಷಯ ಕೇಳಿದ್ದಕ್ಕೆ, "ಫಿಶ್ ಟೌನ್. ಸೀ ಖಲಾಸ್, ಹೌಸ್ ಖಲಾಸ್" ಅಂದಳು. ಇವಳ ಮನೆಯನ್ನೂ ಕಡಲು ನುಂಗಿತು ಎಂದುಕೊಂಡೆ. ನಮ್ಮೂರು ಉಚ್ಚಿಲದ ಕಡಲ್ಕೊರೆತ ಕಂಡವರಿಗೆ ಬೇರೆ ಅರ್ಥ ಹೊಳೆಯುತ್ತದಾ? ನಮ್ಮ ಹಳೆ ಮನೆಯನ್ನು ಕಡಲು ತೆಗೆದುಕೊಂಡ ಕಥೆಯನ್ನು ಕೈಸನ್ನೆ ಮಾಡಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು "ಸೇಮ್ ಸೇಮ್" ಅಂದಳು. ಆಮೇಲೆ ಇಬ್ಬರೂ ಸೇಮ್ ಸೇಮ್ ಅನ್ನುತ್ತಾ ತಿಂಗಳುಗಟ್ಟಲೆ ಚಹಾ ಕುಡಿದದ್ದೇ ಕುಡಿದದ್ದು.

ಬಕ್ರೀದ್ ರಜೆಯಲ್ಲಿ ಒಂದು ಸಂಜೆ ಅವಳನ್ನೂ ಕರೆದುಕೊಂಡು ಮಮ್ಝರ್ ಕಡಲ ತೀರಕ್ಕೆ ಹೋದೆವು. ಬಟ್ಟೆ ಒದ್ದೆಯಾದರೂ ಪರಿವೆಯಿಲ್ಲದೆ ನೀರಿನಲ್ಲಿ ನಿಂತವಳು ಕೇಳಿದಳು, "ಹಫ್ಸ, ದಿಸ್ ಸೀ, ಹೌ ಮೆನಿ ಇಯರ್ ಮೋರ್?"

"ಕಡಲು ಎಲ್ಲಿಗೆ ಹೋಗ್ತದೆ ಮಾರಾಯ್ತಿ?" ಎಂದು ನಾನು ಕನ್ನಡದಲ್ಲೇ ನಗಾಡಿದೆ. ಅವಳು ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಮರಳಿನ ಮೇಲೆ ತುಕ್ಕು ಹಿಡಿದ ಬೋಟುಗಳು, ಕಣ್ಣು ಹಾಯುವವರೆಗೆ ಒಂದು ಹನಿ ನೀರಿಲ್ಲ. ಅವಳ ಮನೆಯನ್ನು ಕಡಲು ತಿಂದಿರಲಿಲ್ಲ ಅದ್ದು. ಕಡಲೇ ಊರು ಬಿಟ್ಟು ಹೋಗಿತ್ತು.

ಮಿಕ್ಕಿದ್ದನ್ನು ಇಂಗ್ಲಿಷ್ ಚೆನ್ನಾಗಿ ಬಲ್ಲ ಅವಳ ಮಗಳು ಫೋನಿನಲ್ಲಿ ಬಿಡಿಸಿ ಹೇಳಿದಳು. ಆಗ ಸೋವಿಯತ್ ಕಮ್ಯುನಿಸ್ಟರ ಸರಕಾರ, ಎಲ್ಲವೂ ಮಾಸ್ಕೋದ ಪ್ಲಾನು. ಅಲ್ಲಿ ಹತ್ತಿ ಬೆಳೆಯಬೇಕು, ಕಡಲಿಗೆ ಸೇರುವ ಹೊಳೆನೀರು ದಂಡ ಎಂದು ತೀರ್ಮಾನವಾಯಿತು. ಹೊಳೆಯನ್ನು ಕಾಲುವೆಗಳಿಗೆ ತಿರುಗಿಸಿದರು. ಅದರಲ್ಲೂ ಎಷ್ಟೋ ನೀರನ್ನು ಮರಳೇ ಕುಡಿಯಿತು. ಕೊಯ್ಲಿಗೆ ಶಾಲೆ ಮಕ್ಕಳನ್ನೂ ಕಳಿಸುತ್ತಿದ್ದರು, ಐಸುಲು ಕೂಡ ಹತ್ತಿ ಬಿಡಿಸಿದವಳೇ. ಇವತ್ತಿಗೂ ಹತ್ತಿ ಬಟ್ಟೆ ಬಂದರೆ ಮೆಲ್ಲ ನನ್ನ ಮೇಜಿಗೆ ತಳ್ಳುತ್ತಾಳೆ. ಸುತ್ತಲೂ ನೆಲವಿದ್ದ, ಹೊಳೆನೀರನ್ನೇ ನಂಬಿದ್ದ ಆ ಕಡಲು ಹೊಳೆ ಬಾರದೆ ಹಿಂದೆ ಹಿಂದೆ ಸರಿಯಿತು. ಊರಿನವರು ತೋಡು ತೋಡಿಕೊಂಡು ಬೋಟಿನೊಂದಿಗೆ ಅದರ ಬೆನ್ನು ಹತ್ತಿದರಂತೆ, ಹೊರಟುಹೋದ ಬಸ್ಸಿನ ಹಿಂದೆ ಓಡಿದ ಹಾಗೆ.

ಇನ್ನೂ ಕೇಳು. ಅಲ್ಲಿ ಮೀನನ್ನು ಡಬ್ಬಿಗೆ ತುಂಬುವ ಫ್ಯಾಕ್ಟರಿ ಇತ್ತು. ವರ್ಷಕ್ಕೆ ಇಷ್ಟು ಡಬ್ಬಿ ಎಂದು ಪ್ಲಾನಿನಲ್ಲಿ ಬರೆದಾಗಿದೆ, ಮುಚ್ಚುವಂತಿಲ್ಲ. ಬೇರೆ ಸಮುದ್ರದ ಮೀನನ್ನು ಐಸಿನಲ್ಲಿಟ್ಟು ರೈಲು, ಲಾರಿ ಹತ್ತಿಸಿ ಆ ಮರಳಿನ ಊರಿಗೆ ತಂದು ತುಂಬಿದರು. ನನಗೆ ನಗು ಬಂತು. ಐಸುಲು ನಗಲಿಲ್ಲ. ಅವಳ ಅಪ್ಪ, "ಸರಕಾರ ಸುಮ್ಮನೆ ಮೀನು ತರಿಸುತ್ತದಾ? ಕಡಲು ವಾಪಸ್ ಬರುವುದು ಅವರಿಗೆ ಗೊತ್ತಿದೆ" ಎಂದು ನೆರೆಯವರು ಊರು ಬಿಟ್ಟರೂ ತಾನು ಬಿಡಲಿಲ್ಲವಂತೆ. ಪ್ರತಿ ವರ್ಷ ಬೋಟಿಗೆ ಬಣ್ಣ ಬಳಿದರು. ಒಣಗಿದ ಕಡಲ ಉಪ್ಪು, ಹತ್ತಿಗೆ ಹೊಡೆದ ಮದ್ದು, ಎಲ್ಲ ಗಾಳಿಯಲ್ಲಿ ಎದ್ದು ಮನೆಯೊಳಗೆ ಬಂತು. ಎದೆ ಕೆಟ್ಟು ತೀರಿಹೋದರು. "ಪಾಪಾ ವೇಯ್ಟಿಂಗ್, ವೇಯ್ಟಿಂಗ್, ಖಲಾಸ್" ಅಂದಳು. ಈ ಸಲದ ಖಲಾಸ್ ನನಗೆ ಸರಿಯಾಗಿ ಅರ್ಥವಾಯಿತು.

ಈಗ ನಿನ್ನ ವಿಚಾರಣೆ. "ಇಂಜಿನಿಯರ್ ಪ್ಲಾನಿನಲ್ಲಿ ನಮ್ಮ ಈಗಿನ ಮನೆ ಕಡಲ ತಡೆಗೋಡೆಯ ಒಳಗೆ ಬರ್ತದೆ" ಎಂದುಕೊಂಡು ಅಡಿಗೆಮನೆಗೆ ಟೈಲ್ಸ್ ಹಾಕಿಸುತ್ತಿದ್ದೀಯಂತೆ. ಕಡಲಿಗೆ ಪ್ಲಾನು ಓದಲು ಬರುವುದಿಲ್ಲ ಮಾರಾಯ. ಕಡಲಿನಿಂದ ದೂರ, ದೇರಳಕಟ್ಟೆ ಕಡೆ ಸೈಟು ಸಿಕ್ಕಿದೆಯಲ್ಲ, ಮಕ್ಕಳನ್ನು ಕರೆದುಕೊಂಡು ಹೊರಡು. ಕಡಲು ಬರಲಿ, ಹೋಗಲಿ, ಮನುಷ್ಯ ಅದಕ್ಕೆ ಮೊದಲು ಹೊರಡಬೇಕು. ನೀನು ಹೊರಡುವವನೇ, ನನಗೆ ಗೊತ್ತು. ಚಿಕ್ಕಂದಿನಲ್ಲಿ ಮದ್ರಸಕ್ಕೂ ಹೀಗೆಯೇ, ನನ್ನಿಂದ ಬೈಸಿಕೊಳ್ಳದೆ ಹೊರಟದ್ದುಂಟಾ?

ಅಲ್ಲಾಹು ನಿನಗೆ, ನಾಫಿಯಾಗೆ, ಮಕ್ಕಳಿಗೆ ಆಯುಸ್ಸು ಆರೋಗ್ಯ ಕೊಡಲಿ.

ನಿನ್ನ ಅಕ್ಕ,
ಹಫ್ಸ

ತಾ.ಕ.: ಕಾಗದ ಮಡಚಿದ ಮೇಲೆ ಶಾನವಾಝ್ ಬಂದ. "ಅದ್ದು ಆ ಮನೆಗೆ ಯಾಕೆ ಹೀಗೆ ಅಂಟಿಕೊಂಡಿದ್ದಾನೆ?" ಎಂದು ಕೇಳಿದೆ. ಊರಿನವರಿಂದ ಕೇಳಿದ್ದನ್ನು ಅವನು ಮೊದಲು ಹೇಳಲು ಒಪ್ಪಲಿಲ್ಲ. ಆಮೇಲೆ ಹೇಳಿದ. ಹೋದ ತಿಂಗಳು ಪಳ್ಳಿಯ ಕಬರಸ್ಥಾನದ ಪಡುಬದಿಯನ್ನು ಕಡಲು ತೆಗೆದುಕೊಂಡಿತಂತೆ. ನಮ್ಮನ್ನು ಹೆತ್ತ ಉಮ್ಮನ ಕಬರ್ ಇದ್ದ ಬದಿ. ಅಕ್ಕನಿಗೆ ಹೇಳಬೇಡಿ ಎಂದು ಎಲ್ಲರ ಬಾಯಿ ಮುಚ್ಚಿಸಿದ್ದೀಯಂತೆ. ಈಗಲೂ ಶುಕ್ರವಾರ ಅಲ್ಲೇ ನಿಂತು, ನೀರಿನ ಕಡೆ ನೋಡಿಕೊಂಡು ಉಮ್ಮನಿಗಾಗಿ ಯಾಸೀನ್ ಓದುತ್ತೀಯಂತೆ.

ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ಮನೆ ನೀನು ಬಿಡಲೇಬೇಕು. ಆದರೆ ನಾನು ಬರುವವರೆಗೆ ತಡಿ, ಟಿಕೆಟ್ ಮಾಡಿಸುತ್ತಿದ್ದೇನೆ. ಒಂದು ಶುಕ್ರವಾರ ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ, ಆಮೇಲೆ ಇಬ್ಬರೂ ಸೇರಿ ಸಾಮಾನು ಕಟ್ಟೋಣ. ಒಬ್ಬನೇ ಯಾಕೆ ಅಳುತ್ತಿದ್ದೀ ಅದ್ದು? ಅವರು ನನಗೂ ಉಮ್ಮ.