ಕೊಟ್ಟವರ ಹೆಸರಿಲ್ಲದ ಜೋಳ

ಏಪ್ರಿಲ್ 24, ಗುರುವಾರ. ಚೋಮಾ, ಜಾಂಬಿಯಾ.

ಇವತ್ತೂ ಹದಿನೇಳನೇ ತಾಕಿಗೆ ಒಂದು ಹಕ್ಕಿಯೂ ಇಳಿಯಲಿಲ್ಲ. ನಮ್ಮ ಬೀಜ ಸಂಶೋಧನಾ ಕೇಂದ್ರದ ಉಳಿದ ಜೋಳವನ್ನೆಲ್ಲ ತಿಂದು ಬರಿದು ಮಾಡಿದ ಹಿಂಡು, ಟಾಂಜಾನಿಯಾದಿಂದ ಬಂದ ಈ ಒಂದು ತಳಿಯ ಸುತ್ತ ಬೇಲಿಯ ಮೇಲೆ ಸದ್ದಿಲ್ಲದೆ ಕೂತಿರುತ್ತದೆ.

ಕಾವಲಿನ ಹಮೂಂಗಾನನ್ನು ಕೇಳಿದೆ.

"ಅಲ್ಲಿ ಆ ಮುದುಕಿ ಕಾಯ್ತಾಳಲ್ಲ ಅಮ್ಮಾ. ನೀವೇ ಕೂಲಿಗೆ ಕರ್ಸಿದೀರಿ ಅನ್ಕೊಂಡಿದ್ದೆ."

ನಾನು ಯಾರನ್ನೂ ಕರೆಸಿಲ್ಲ.

ಈ ತಳಿ ಯಾರದೆಂದು ತಿಳಿಯಲು ಬೀಜದ ಜೊತೆ ಬಂದ ಕಾಗದ ತೆಗೆದು ನೋಡಿದೆ. ಬೀಜ ಕೊಟ್ಟ ರೈತರ ಹೆಸರು ಬರೆಯುವ ಜಾಗ ಖಾಲಿ. ಹೆಸರಿಲ್ಲದ ಬೀಜ ಗಡಿ ದಾಟಬಾರದು ಎಂಬುದು ನಮ್ಮ ದೇಶಗಳವರೆಲ್ಲ ಸೇರಿ ಮಾಡಿಕೊಂಡ ಕಟ್ಟಳೆ. ಬೀಜ ಕಳಿಸಿದ ಟಾಂಜಾನಿಯಾ ಕೇಂದ್ರದ ಚಿಬಾಗೊಗೆ ಫೋನ್ ಮಾಡಿದೆ.

"ಯಾರ ಹೆಸರು ಬರೀಲಿ ಮಾರಾಯ್ತಿ? ಊರು ಖಾಲಿಯಾಗಿ ಇಪ್ಪತ್ತು ವರ್ಷ ಆಗಿತ್ತು. ಜೋಳ ಅದರ ಪಾಡಿಗೆ ಬೆಳ್ಕೊಂಡಿತ್ತು. ಕೊಯ್ಕೊಂಡು ಬಂದೆ."

"ಕೇಳ್ದೆ ತಂದ್ಯಾ?"

"ಕೇಳೋಕೆ ಅಲ್ಲಿ ಯಾರಿದ್ರು?" ಎಂದು ನಕ್ಕ. ಆ ನಗು ಬಹಳ ಹೊತ್ತು ಉಳಿಯಲಿಲ್ಲ.

ನನ್ನ ತಪ್ಪೂ ಇದೆ. ಖಾಲಿ ಜಾಗ ಗಮನಿಸದೆ, ಉಳಿದಿದ್ದ ಬೀಜವನ್ನು ಹೋದ ವಾರ ಮಲಾವಿ ಕೇಂದ್ರದ ತಿಯಾಮಿಕೆಗೆ ಕಳಿಸಿಬಿಟ್ಟೆ. ಸಂಜೆ ಅವಳೇ ಫೋನ್ ಮಾಡಿದಳು.

"ಪೊಟ್ಟಣ ಬೆಳಿಗ್ಗೆ ಬಂತು ಅಕ್ಕಾ. ಅದರ ಜೊತೆ ಮುದುಕೀನ ಯಾಕೆ ಕಳಿಸ್ದೆ? ಆಗಿನಿಂದ ಗೇಟಿನ ಹತ್ರಾನೇ ಕೂತಿದಾಳೆ. ಊಟ ಕೊಟ್ರೂ ಬೇಡ. ನನ್ನ ಹೆಸರು ಬರ್ಕೋ, ಬರ್ಕೋ ಅಂತಾಳೆ."

ನಾಳೆ ಆ ಕಾಗದ, ಪೆನ್ನು ಹಿಡಿದು ಹದಿನೇಳನೇ ತಾಕಿಗೆ ಹೋಗಬೇಕು. ಹಮೂಂಗಾ ಜೊತೆಗೆ ಬರುವುದಿಲ್ಲವಂತೆ. ಹೆಸರು ಬರೆದುಕೊಂಡ ಮೇಲೆ ಅವಳು ಹೋಗುತ್ತಾಳೋ, ಅಥವಾ ಈ ಬೀಜ ಹೋದಲ್ಲೆಲ್ಲ ಹೀಗೇ ಕಾಯುತ್ತ ಕೂರುತ್ತಾಳೋ, ಗೊತ್ತಿಲ್ಲ.